ದೀಪ ಹಚ್ಚಿದ ಮೇಲೆ ಕಸಬರಿಗೆ ಮುಟ್ಟದ ಮನೆಯಲ್ಲಿ ಸಂಜೆ ಮನೆ ಒಪ್ಪ ಮಾಡುವುದು ಹೇಗೆ?

ಪ್ರಶ್ನೆ (ಕೌಲ್ ಬಜಾರ್, ಬಳ್ಳಾರಿ)

ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯಲ್ಲಿಯೇ ನನ್ನ ಹೊಲಿಗೆ ಯಂತ್ರವಿದೆ. ಜೀನ್ಸ್ ಪ್ಯಾಂಟುಗಳ ಬಂಡಲ್ ಮನೆಗೆ ಬರುತ್ತದೆ. ಜೇಬು, ಬೆಲ್ಟಿನ ಲೂಪು ಹೊಲಿದು, ದಾರ ಕತ್ತರಿಸಿ, ಪೀಸ್ ಲೆಕ್ಕದಲ್ಲಿ ಕೊಡುತ್ತೇನೆ. ಸಂಜೆಯಾಗುವಷ್ಟರಲ್ಲಿ ನೆಲದ ತುಂಬ ನೀಲಿ ನಾರು, ದಾರದ ತುಂಡು, ಅದರ ಮೇಲೆ ಬೀದಿಯಿಂದ ಬರುವ ಕೆಂಪು ಧೂಳು. ಮಕ್ಕಳಿಬ್ಬರೂ ಶಾಲೆಯಿಂದ ಬಂದು ಚೀಲ, ಬೂಟು, ಸಮವಸ್ತ್ರವನ್ನು ಬಾಗಿಲಲ್ಲೇ ಬಿಟ್ಟು ಆಡಲು ಓಡುತ್ತಾರೆ.

ಅತ್ತೆಯವರು ದೀಪ ಹಚ್ಚಿದ ಮೇಲೆ ಕಸ ಗುಡಿಸಲು ಬಿಡುವುದಿಲ್ಲ. ಅವರ ಮಾತು ಮೀರುವ ಮನಸ್ಸು ನನಗೂ ಇಲ್ಲ. ಆದರೆ ನಾನು ಯಂತ್ರದಿಂದ ಏಳುವುದೇ ಆರೂವರೆಗೆ. ಆಮೇಲೆ ರೊಟ್ಟಿ, ಊಟ, ಪಾತ್ರೆ. ಮೊಬೈಲಿನಲ್ಲಿ ಮನೆ ಜೋಡಿಸುವ ವೀಡಿಯೊಗಳನ್ನು ನೋಡುತ್ತೇನೆ. ಅವೆಲ್ಲ ಗೋಡೆಯುದ್ದಕ್ಕೂ ಕಪಾಟುಗಳಿರುವ ಮನೆಗಳು. ನಮ್ಮಂತಹ ಮನೆಗೆ ಅರ್ಧ ಗಂಟೆಯೊಳಗೆ ಮುಗಿಯುವ ಕ್ರಮ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಇನ್ನೊಂದು ತೊಂದರೆ: ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಶಹಾಬಾದ್ ಬಂಡೆಯ ಮೇಲೆ ನೀಲಿ ಗೆರೆ ಉಳಿಯುತ್ತದೆ.

ಉತ್ತರ (ಕೊಪ್ಪಳ)

ನಮ್ಮ ಮನೆಯಲ್ಲಿ ಒಣಗಿದ ಬಟ್ಟೆಯದೇ ದೊಡ್ಡ ಗೋಳಾಗಿತ್ತು. ಮಾಳಿಗೆಯಿಂದ ಇಳಿದು ಮಂಚದ ಮೇಲೆ ಬೀಳುತ್ತಿತ್ತು, ಮಲಗುವಾಗ ಕುರ್ಚಿಗೆ ಹೋಗುತ್ತಿತ್ತು, ಬೆಳಗಾದರೆ ಮತ್ತೆ ಮಂಚಕ್ಕೆ. ಈಗ ಹಗ್ಗದ ಹತ್ತಿರವೇ ನಿಂತು ಮಡಚಿ, ಯಾರ ಬಟ್ಟೆ ಯಾರದೆಂದು ಬೇರೆ ಮಾಡಿಯೇ ಕೆಳಗಿಳಿಸುತ್ತೇವೆ. ಮೇಲೆ ಗಾಳಿಯೂ ಇರುತ್ತದೆ, ಬೇಸರವಾಗುವುದಿಲ್ಲ. ಮಕ್ಕಳಿಗೂ ಒಬ್ಬೊಬ್ಬರಿಗೆ ಒಂದೊಂದು ಬುಟ್ಟಿ ಕೊಡಿ. ಕಪಾಟು ಬೇಕಾಗಿಲ್ಲ.

ಉತ್ತರ (ರಾಯಚೂರು)

ತಂಗಿ, ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ವಾರ್ಡಿನಲ್ಲಿ ನಮ್ಮ ಪಾಳಿ ಮುಗಿದರೂ ಹಾಗೆಯೇ ಎದ್ದು ಹೋಗುವಂತಿರಲಿಲ್ಲ. ಟ್ರೇ ಜೋಡಿಸಿ, ಖಾಲಿಯಾದದ್ದನ್ನು ತುಂಬಿಸಿ, ಮುಂದಿನ ಪಾಳಿಯವರಿಗೆ ಒಪ್ಪಿಸಿಯೇ ಹೊರಡಬೇಕಿತ್ತು. ಮನೆಯ ಸಂಜೆ ಕೆಲಸವನ್ನೂ ನಾನು ಹಾಗೆಯೇ ಮಾಡುತ್ತೇನೆ. ಮನೆ ತೊಳೆದು ಹೊಳೆಯಿಸುವುದು ಸಂಜೆಗೆ ಬೇಡ. ಬೆಳಿಗ್ಗೆ ಎದ್ದು ಬರುವ ನಿಮ್ಮ ಕಾಲಿಗೂ ಕೈಗೂ ಏನೂ ಅಡ್ಡ ಬರದಿದ್ದರೆ ಸಾಕು.

ಕೆಲಸವನ್ನು ಎರಡಾಗಿ ಒಡೆಯಿರಿ. ಯಂತ್ರದ ಸುತ್ತಲಿನದು ದೀಪಕ್ಕೆ ಮೊದಲು, ಅಡುಗೆಮನೆಯದು ಊಟದ ನಂತರ. ಗಡಿಯಾರ ನೋಡಿ ಏಳಬೇಡಿ. ನಮ್ಮ ಕಡೆ ಜೂನ್‌ನಲ್ಲಿ ಹೊತ್ತು ಮುಳುಗುವುದು ಏಳರ ಹತ್ತಿರ, ನವೆಂಬರ್‌ನಲ್ಲಿ ಆರಕ್ಕೂ ಮುಂಚೆ. ಆರೂವರೆಗೆ ಏಳುತ್ತೇನೆಂದರೆ ಚಳಿಗಾಲದಲ್ಲಿ ಅತ್ತೆಯವರ ದೀಪ ಆಗಲೇ ಉರಿಯುತ್ತಿರುತ್ತದೆ. ಬಿಸಿಲು ಗೋಡೆಯಿಂದ ಇಳಿದ ಕೂಡಲೇ ಯಂತ್ರ ನಿಲ್ಲಿಸಿ, ಗುಡಿಸಿಬಿಡಿ. ಉಳಿದ ನಾಲ್ಕು ಪೀಸ್ ಇದ್ದರೆ ದೀಪದ ನಂತರ ಹೊಲಿಯಿರಿ, ಮಡಿಲಿಗೊಂದು ಹಳೆಯ ಬಿಳಿ ಪಂಚೆ ಹಾಸಿಕೊಳ್ಳಿ. ನಾರು ಅದರಲ್ಲಿ ಬೀಳುತ್ತದೆ, ಗಂಟು ಕಟ್ಟಿ ಮೂಲೆಗಿಡಿ, ಬೆಳಿಗ್ಗೆ ಕೊಡವಿದರಾಯಿತು. ಅತ್ತೆಯವರ ಮಾತನ್ನು ಹಗುರವಾಗಿ ನೋಡಬೇಡಿ. ಎಣ್ಣೆದೀಪದ ಬೆಳಕಿನಲ್ಲಿ ಗುಡಿಸಿದರೆ ಮೂಗುತಿಯ ಹರಳು, ಓಲೆಯ ತಿರುಪು ಕಸದೊಂದಿಗೆ ಹೊರಗೆ ಹೋಗುತ್ತವೆ ಎಂದು ನಮ್ಮ ಅಜ್ಜಿಯೂ ಹೇಳುತ್ತಿದ್ದರು. ರಾತ್ರಿ ಗುಡಿಸಲೇಬೇಕಾಗಿ ಬಂದರೆ ಅವರು ಕಸವನ್ನು ಹೊರಗೆ ಹಾಕದೆ ಮೂಲೆಯಲ್ಲಿ ಕೂಡಿಸಿಡುತ್ತಿದ್ದರು.

ನಿಮ್ಮ ಮನೆಯಲ್ಲಿ ನನಗೆ ಹರಳಿಗಿಂತ ಸೂಜಿಯ ಭಯ ಹೆಚ್ಚು. ಜೀನ್ಸಿನ ದಪ್ಪ ಮಡಿಕೆಯಲ್ಲಿ ಸೂಜಿ ಮುರಿಯುತ್ತದೆ, ತುದಿ ಎಲ್ಲಿ ಹಾರಿತೋ ತಿಳಿಯುವುದಿಲ್ಲ, ಮಕ್ಕಳು ಬರಿಗಾಲಿನಲ್ಲಿ ಓಡಾಡುತ್ತಾರೆ. ಕೆಟ್ಟುಹೋದ ಸ್ಪೀಕರಿನ ಅಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿಟ್ಟುಕೊಳ್ಳಿ. ಗುಡಿಸುವ ಮೊದಲು ಯಂತ್ರದ ಕೆಳಗೆ, ಪೆಡಲಿನ ಹಿಂದೆ ನೆಲಕ್ಕೆ ತಾಗುವಂತೆ ಎಳೆಯಿರಿ. ಮುರಿದ ಎರಡೂ ತುಂಡು ಸಿಗುವವರೆಗೆ ಮಕ್ಕಳನ್ನು ಆ ಕಡೆ ಬಿಡಬೇಡಿ. ಇದರಲ್ಲಿ ರಾಜಿ ಬೇಡ.

ಊಟದ ನಂತರ ಎಲ್ಲಕ್ಕಿಂತ ಮೊದಲು ಹಿಟ್ಟು ನಾದಿದ ಪರಾತಕ್ಕೆ ನೀರು ಹಾಕಿ. ಜೋಳದ ಹಿಟ್ಟು ಒಣಗಿ ಹಿಡಿದರೆ ಬೆಳಿಗ್ಗೆ ಉಗುರು ಸವೆಯುತ್ತದೆ, ನೆನೆದರೆ ಒಂದೇ ಉಜ್ಜಿಗೆ ಬರುತ್ತದೆ. ಪಾತ್ರೆಗಳನ್ನು ರಾತ್ರಿಯೇ ತೊಳೆಯಿರಿ, ತೊಟ್ಟಿಯನ್ನು ಒಣ ಬಟ್ಟೆಯಿಂದ ಒರೆಸಿ. ಜಿರಳೆ ಬರುವುದು ಎಂಜಲಿಗೆ ಮಾತ್ರವಲ್ಲ, ನೀರಿಗೂ ಬರುತ್ತದೆ. ಕಟ್ಟೆ ಒರೆಸಿ, ಬೆಳಗಿನ ಚಹಾದ ಪಾತ್ರೆ ಒಲೆಯ ಪಕ್ಕಕ್ಕಿಟ್ಟು ದೀಪ ಆರಿಸಿ. ಬೂಟು, ಚಪ್ಪಲಿಗಳನ್ನು ನೆಲದಿಂದ ಎತ್ತಿ ಹಲಗೆಯ ಮೇಲಿಡುವುದು ಮಕ್ಕಳ ಕೆಲಸವಾಗಲಿ. ನಮ್ಮ ಸೀಮೆಯಲ್ಲಿ ಚೇಳಿನ ಕಾಟ ಇದ್ದೇ ಇದೆ. ಬೂಟಿನೊಳಗೆ, ನೆಲದ ಮೇಲಿನ ಬಟ್ಟೆಯ ಗುಡ್ಡೆಯೊಳಗೆ ಹೊಕ್ಕು ಕೂರುತ್ತದೆ. ಚೇಳು ಕುಟುಕಿದ ಮಕ್ಕಳನ್ನು ನಡುರಾತ್ರಿಯಲ್ಲಿ ಎತ್ತಿಕೊಂಡು ಬರುತ್ತಿದ್ದವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕಿಟಕಿ, ಟಿವಿಯ ಮೇಲಿನ ಧೂಳು, ಗ್ಯಾಸಿನ ಹಿಂದಿನ ಗೋಡೆ ಸಂಜೆಗೆ ಬೇಡ. ಅವಕ್ಕೆ ಭಾನುವಾರ ಇದೆ. ಅವೂ ಆಗಲಿ ಎಂದು ಹೊರಟರೆ ನಾಲ್ಕನೆಯ ದಿನ ಎಲ್ಲವೂ ನಿಲ್ಲುತ್ತದೆ.

ಉತ್ತರ (ಬಳ್ಳಾರಿ)

ನಾನು ಜೀನ್ಸ್ ವಾಷಿಂಗ್ ಘಟಕದಲ್ಲಿ ಕೆಲಸ ಮಾಡುವವನು. ನೀಲಿ ಗೆರೆಯ ವಿಷಯ ಹೇಳುತ್ತೇನೆ. ಜೀನ್ಸಿನ ನೂಲಿಗೆ ಇಂಡಿಗೊ ಬಣ್ಣ ಹೊರಮೈಯಲ್ಲಿ ಹಿಡಿದಿರುತ್ತದೆ, ಒಳಗೆ ನೂಲು ಬಿಳಿಯೇ. ನಿಮ್ಮ ಮನೆಗೆ ಬರುವುದು ಇನ್ನೂ ಒಗೆಯದ ಬಟ್ಟೆ, ಆದ್ದರಿಂದ ಉಜ್ಜಿದರೆ, ನೀರು ತಾಗಿದರೆ ಬಣ್ಣ ಬಿಡುತ್ತದೆ. ನಾರು ನೆಲದಲ್ಲಿರುವಾಗಲೇ ಒದ್ದೆ ಬಟ್ಟೆ ಎಳೆದರೆ ಅದು ಬಣ್ಣ ಬಳಿದಂತೆಯೇ. ಮೊದಲು ನಾರನ್ನು ಒಣಗಿರುವಾಗಲೇ ಪೂರ್ತಿ ತೆಗೆಯಿರಿ. ಕಸಬರಿಗೆಯನ್ನು ಬೀಸಿ ಹೊಡೆದರೆ ನಾರು ಎದ್ದು ಅಡುಗೆಮನೆಗೆ ಹೋಗುತ್ತದೆ, ಫ್ಯಾನ್ ಆರಿಸಿ ನೆಲಕ್ಕೆ ಒತ್ತಿ ಮೆಲ್ಲಗೆ ಎಳೆಯಿರಿ. ಒರೆಸುವುದು ಆಮೇಲೆ, ಅದೂ ಬೆಳಿಗ್ಗೆ.

ಗೆರೆ ಹೋಗಲಿಲ್ಲವೆಂದು ಆಸಿಡ್ ಅಥವಾ ಶೌಚಾಲಯ ತೊಳೆಯುವ ದ್ರವ ಹಾಕಬೇಡಿ. ಶಹಾಬಾದ್ ಬಂಡೆ ಎಂದರೆ ಸುಣ್ಣದ ಕಲ್ಲು, ಆಸಿಡ್ ಅದನ್ನು ತಿನ್ನುತ್ತದೆ. ಮೈ ತರಿಯಾದ ಮೇಲೆ ಬಣ್ಣ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಸೋಪಿನ ನೀರು, ತೆಂಗಿನ ನಾರು ಸಾಕು.

ಯಂತ್ರವನ್ನೂ ಮರೆಯಬೇಡಿ. ಸೂಜಿಯ ಕೆಳಗಿನ ತಗಡು ಬಿಚ್ಚಿ ನೋಡಿ, ಹಲ್ಲುಗಳ ನಡುವೆ ನಾರು ಎಣ್ಣೆ ಕುಡಿದು ಒತ್ತಿದ ಉಣ್ಣೆಯಂತೆ ಗಟ್ಟಿಯಾಗಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆಯಿರಿ. ಹೊಲಿಗೆ ತಪ್ಪುವುದು, ದಾರ ಕಡಿಯುವುದು ಕಡಿಮೆಯಾಗುತ್ತದೆ. ಬಿಚ್ಚುವ ಮೊದಲು ಪ್ಲಗ್ ಕೀಳಿ. ಪ್ಲಗ್ ಪೆಟ್ಟಿಗೆಯ ಮೇಲೂ ನಾರು ಕೂಡಲು ಬಿಡಬೇಡಿ, ಕಿಡಿ ಹಾರಿದರೆ ಹತ್ತಿ ಹೊತ್ತಿಕೊಳ್ಳಲು ತಡವಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಅಕ್ಕಾ, ಅಣ್ಣಾ, ತುಂಬ ಉಪಕಾರವಾಯಿತು. ಮಡಿಲಿನ ಪಂಚೆಯ ಉಪಾಯಕ್ಕೆ ಅತ್ತೆಯವರು ಒಪ್ಪಿದರು, ಅವರ ಹಳೆಯ ಸೀರೆಯನ್ನೇ ಹರಿದು ಕೊಟ್ಟಿದ್ದಾರೆ. ಇನ್ನೊಂದು ಕೇಳಬೇಕಿತ್ತು. ನಲ್ಲಿ ನೀರು ದಿನವೂ ಬರುವುದಿಲ್ಲ, ಬಂದ ದಿನ ಸಂಜೆಯೆಲ್ಲ ಡ್ರಮ್ ತುಂಬುವುದರಲ್ಲೇ ಕಳೆಯುತ್ತದೆ. ಆ ದಿನ ಈ ಕ್ರಮ ಹೇಗೆ?

ಉತ್ತರ (ರಾಯಚೂರು)

ನೀರಿನ ದಿನ ಸೂಜಿ, ಪರಾತ, ಬೂಟು ಇಷ್ಟು ಸಾಕು, ಉಳಿದದ್ದು ಮರುದಿನಕ್ಕಿರಲಿ. ಆದರೆ ಡ್ರಮ್ಮಿನಲ್ಲಿ ಉಳಿದ ಹಳೆಯ ನೀರಿನ ಮೇಲೆಯೇ ಹೊಸ ನೀರು ಬಿಡಬೇಡಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂತಹ ಸ್ವಚ್ಛ ನೀರಿನಲ್ಲೇ, ನೀರಿನ ಅಂಚಿನ ಗೋಡೆಗೆ ಅಂಟಿಸಿ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ. ವಾರಕ್ಕೊಮ್ಮೆ ತಳದ ನೀರನ್ನು ಬಚ್ಚಲಿಗೆ ಚೆಲ್ಲಿ, ಒಳಗೋಡೆಯನ್ನು ನಾರಿನಿಂದ ತಿಕ್ಕಿ, ಆಮೇಲೆ ತುಂಬಿಸಿ. ಮುಚ್ಚಳ ಸಡಿಲವಿದ್ದರೆ ಬಟ್ಟೆ ಬಿಗಿದು ಕಟ್ಟಿ. ಬೇಸಿಗೆಯಲ್ಲಿ ಕೂಲರ್ ಇಟ್ಟುಕೊಂಡಿದ್ದರೆ ಅದರ ತೊಟ್ಟಿಯನ್ನೂ ಅದೇ ದಿನ ತಿಕ್ಕಿ ತೊಳೆಯಿರಿ.