ಮೂರು ಜನಕ್ಕೆ 47 ಬಾಕ್ಸ್ ಸಾಮಾನು, ಕಮ್ಮಿ ಮಾಡೋದು ಹೇಗೆ (ಅಮ್ಮನ್ನ ಅಳಿಸ್ದೆ)

ಬಾಡಿಗೆಮನೆ ಕೇಳಿದ್ದು:

ಎಲ್ರಿಗೂ ನಮಸ್ಕಾರ. ಹೋದ ತಿಂಗ್ಳು ವಿಜಯನಗರದಿಂದ ಕೆಂಗೇರಿ ಕಡೆ ಮನೆ ಶಿಫ್ಟ್ ಮಾಡಿದ್ವಿ. ನಾನು, ನಮ್ಮೆಜಮಾನ್ರು, 4 ವರ್ಷದ ಮಗಳು, ಮೂರೇ ಜನ, ಆದ್ರೆ ಪ್ಯಾಕರ್ಸ್‌ನವನು ಎಣಿಸಿ 47 ಬಾಕ್ಸ್ ಮೇಡಂ ಅಂದ, ಅದೂ ಫ್ರಿಡ್ಜು ಮಂಚ ಬಿಟ್ಟು. ಅದ್ರಲ್ಲಿ 19 ಬಾಕ್ಸಿಗೆ ಹೋದ್ಸಲ ಶಿಫ್ಟ್ ಮಾಡಿದಾಗ ಅಂಟ್ಸಿದ್ದ ಟೇಪು ಹಾಗೇ ಇತ್ತು. ಅಂದ್ರೆ ಎರಡೂವರೆ ವರ್ಷ ಅದನ್ನ ಸಜ್ಜೆ ಮೇಲೆ ಕೂರ್ಸಿ ಅದಕ್ಕೂ ಸೇರ್ಸಿ ಬಾಡಿಗೆ ಕಟ್ಟಿದೀವಿ.

ಬಿಚ್ಚಿ ನೋಡಿದ್ರೆ ಮದ್ವೆ, ನಾಮಕರಣದಲ್ಲಿ ಬಂದಿರೋದೇ ಎಲ್ಲ, ಮೂರು ಡಿನ್ನರ್ ಸೆಟ್ಟು, ಆರು ಗೋಡೆ ಗಡಿಯಾರ, ಸ್ಟೀಲ್ ಡಬ್ಬಿ ಎಣಿಸೋಕೆ ಹೋಗ್ಲಿಲ್ಲ. ಬೀರುಲಿ ಬ್ಲೌಸ್ ಪೀಸೇ ಒಂದು ಬ್ಯಾಗ್ ಪೂರ್ತಿ, ಅದ್ರಲ್ಲಿ ಒಂದು ಹಸಿರು ಪೀಸ್ ಮೂಲೇಲಿ ಅರಿಶಿನದ ಕಲೆ ನೋಡಿ ಗುರುತು ಸಿಕ್ತು, ಹೋದ್ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ನಾನೇ ಯಾರಿಗೋ ಕೊಟ್ಟಿದ್ದು, ಎಷ್ಟು ಮನೆ ಸುತ್ಕೊಂಡು ಬಂತೋ ವಾಪಸ್ ನಮ್ಮನೆಗೇ ಬಂದಿದೆ.

ಯೂಟ್ಯೂಬಲ್ಲಿ ಮಿನಿಮಲಿಸಂ ವಿಡಿಯೋ ನೋಡಿದೆ, ಬಿಳಿ ಗೋಡೆ, ಒಂದು ಚಾಪೆ, ಒಂದು ಗಿಡ. ಅವ್ರ ಮನೇಲಿ ಒಗ್ಗರಣೆ ಡಬ್ಬಿ ಎಲ್ಲಿಡ್ತಾರೋ ಗೊತ್ತಾಗ್ಲಿಲ್ಲ.

ನಿಜವಾದ ತೊಂದ್ರೆ ಅಮ್ಮ. ತಿಪಟೂರಲ್ಲಿದಾರೆ, ಫೋನಲ್ಲಿ ಸ್ವಲ್ಪ ಸಾಮಾನು ಕೊಟ್ಬಿಡ್ತೀನಿ ಅಂದಿದ್ದಕ್ಕೆ "ಇರ್ಲಿ ಬಿಡೇ, ಅನ್ನ ಕೇಳುತ್ತಾ ಅದು" ಅಂದ್ರು. ಅಪ್ಪ ಹೋಗಿ ಮೂರು ವರ್ಷ ಆಯ್ತು. ಊರ ಮನೆ ಬಚ್ಚಲಿನ ಹಿತ್ತಾಳೆ ಹಂಡೆ ಈಗ ನಮ್ಮ ಬಾಲ್ಕನೀಲಿದೆ, ಆಮೇಲೆ ಅಪ್ಪನ ಹೆಸ್ರು, ತಾರೀಖು ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಕೊರ್ಸಿರೋ ಪಾತ್ರೆ ಒಂದು ಮೂಟೆ. ಅದನ್ನ ಗುಜರಿಗೆ ಹಾಕೋಕೆ ನಂಗೂ ಕೈ ಬರಲ್ಲ. ಯಾರಾದ್ರೂ ಇಂಥದ್ದನ್ನ ದಾಟಿ ಬಂದಿದ್ರೆ ಹೇಳಿ.

ಮೈಸೂರ್ ಅಂಕಲ್:

ನೋಡಮ್ಮ, ರಿಟೈರ್ ಆದ್ಮೇಲೆ ದೊಡ್ಡ ಮನೆ ಕೊಟ್ಟು ಫ್ಲಾಟಿಗೆ ಬಂದವ್ನು ನಾನು, ಆರು ತಿಂಗ್ಳು ಇದೇ ಕೆಲ್ಸ ಮಾಡಿದೀನಿ. ಮೊದಲ್ನೇದು, ಅಮ್ಮನ ಸಾಮಾನಿಗೆ ಕೈ ಹಾಕ್ಬೇಡ, ನಿನ್ನ ಡಿನ್ನರ್ ಸೆಟ್ಟು ಗಡಿಯಾರದಿಂದ ಶುರು ಮಾಡು. ಸ್ಟೀಲನ್ನ ಗುಜರಿಗೆ ಹಾಕಿದ್ರೆ ಏನೂ ಬರಲ್ಲ, ಅದ್ರ ಬದ್ಲು ಹತ್ರದ ದೇವಸ್ಥಾನದ ಅಡುಗೆಮನೇಲೋ ಹಾಸ್ಟೆಲಲ್ಲೋ ಕೇಳು, ದೊಡ್ಡ ಪಾತ್ರೆ ಇದ್ರೆ ಖುಷಿಯಾಗಿ ತಗೋತಾರೆ. ಹಿತ್ತಾಳೆ ತಾಮ್ರ ಬೇರೆ ಲೆಕ್ಕ, ಕೊಡೋದೇ ಆದ್ರೆ ಮನೇಲೇ ತೂಕ ಮಾಡಿ ಬರ್ಕೊಂಡು ಆಮೇಲೆ ಅಂಗಡಿಗೆ ತಗೊಂಡೋಗು, ಗಾಡಿಯವನ ತಕ್ಕಡಿ ಮುಂದೆ ನಿಂತ್ಕೊಂಡು ಚೌಕಾಸಿ ಮಾಡ್ಬೇಡ.

ಇನ್ನೊಂದು, ಹಳೇ ರೇಷ್ಮೆ ಸೀರೆ ತಗೋತೀವಿ ಅಂತ ಬೀದೀಲಿ ಬರ್ತಾರಲ್ಲ, ಅವ್ರು ಕೇಳೋದು ಸೀರೆ ಅಲ್ಲ ಜರಿ. ಮೈಸೂರು ಸಿಲ್ಕ್ ಜರೀಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇರುತ್ತೆ. ನಮ್ಮನೆಯವ್ರ ಧಾರೆ ಸೀರೆ ಮಡಿಕೇಲಿ ಸೀಳಿತ್ತು ಅಂತ 400 ರೂಪಾಯಿಗೆ ಕೊಟ್ಟೆ, ಒಂದು ವಾರ ಅವ್ಳು ನನ್ ಜೊತೆ ಮಾತಾಡ್ಲಿಲ್ಲ, ದುಡ್ಡಿಗಲ್ಲ, ಕೇಳ್ದೆ ಕೊಟ್ಟೆ ಅಂತ. ಅದಕ್ಕೇ ಹೇಳಿದ್ದು ಅಮ್ಮನ ಸಾಮಾನು ಕೊನೆಗೆ ಅಂತ.

ಪುಸ್ತಕ ಇದ್ರೆ ಗ್ರಾಮ ಪಂಚಾಯ್ತಿ ಲೈಬ್ರರಿ ಈಗ ಅರಿವು ಕೇಂದ್ರ ಅಂತ ಆಗಿದೆ, ಮಕ್ಕಳ ಪುಸ್ತಕ ಕೇಳಿ ತಗೋತಾರೆ, ಆದ್ರೆ ಹಳೇ ಗೈಡು ಹೊತ್ಕೊಂಡು ಹೋಗಿ ಸುರೀಬೇಡ. ಪುಸ್ತಕದ ವಿಷ್ಯದಲ್ಲಿ ನಾನು ಮಿನಿಮಲಿಸ್ಟ್ ಅಲ್ಲ. ಪಾಂಡವಪುರದ ಹತ್ರ ಹರಳಹಳ್ಳೀಲಿ ಅಂಕೇಗೌಡ್ರು ಸಕ್ಕರೆ ಕಾರ್ಖಾನೆ ಕೆಲ್ಸದಲ್ಲಿದ್ಕೊಂಡೇ ಲಕ್ಷಗಟ್ಟಲೆ ಪುಸ್ತಕ ಸೇರ್ಸಿದಾರೆ, ಅವ್ರೂ ಸಾಮಾನು ಕಮ್ಮಿ ಮಾಡೋಣ ಅಂದಿದ್ರೆ ನಾವ್ ಎಲ್ಲಿಗೆ ಹೋಗಿ ನೋಡ್ಬೇಕಿತ್ತು.

ಓಣಿ ಹುಡುಗಿ:

ಅಕ್ಕಾರ, ಬ್ಲೌಸ್ ಪೀಸ್ ಕಥಿ ಓದಿ ನಕ್ಕು ನಕ್ಕು ಸಾಕಾತ್ರಿ, ನಮ್ಮ ಧಾರವಾಡ ಕಡೆ ಉಡಿ ತುಂಬಿದ ಖಣದ್ದೂ ಇದ ಹಣೇಬರಹ. ಹಳೇ ಸೀರಿ, ಕೂಸಿನ ಅರಿವಿ ಏನರ ಇದ್ರ ಒಗೀಬ್ಯಾಡ್ರಿ, ಕೌದಿ ಹೊಲಸ್ರಿ. ನಮ್ಮ ಓಣ್ಯಾಗ ಒಬ್ಬಾಕಿ ಆಯಿ ಅದಾಳ, ಆರು ಕಾಟನ್ ಸೀರಿ ಕೊಟ್ರ ಹದಿನೈದು ಇಪ್ಪತ್ತ ದಿವ್ಸದಾಗ ಒಂದು ದೊಡ್ಡ ಕೌದಿ ಹೊಲದು ಕೊಡ್ತಾಳ, ಮ್ಯಾಲಿನ ಪದರಕ್ಕ ಬಣ್ಣ ಬಣ್ಣದ ತುಂಡು ಜೋಡಸ್ತಾಳ, ಅಲ್ಲೇ ಹೋಗ್ತಾವ ನೋಡ್ರಿ ನಿಮ್ಮ ಬ್ಲೌಸ್ ಪೀಸ್. ಅದ್ರಾಗ ಕಾಟನ್ ಇದ್ದುವಷ್ಟ ಮತ್ತ, ಪಾಲಿಯೆಸ್ಟರ್ ಕೊಟ್ರ ಬೈತಾಳ, ಸೂಜಿ ಜಾರತೈತಿ ಅಂತಾಳ. ನಮ್ಮಪ್ಪ ತೀರಿಕೊಂಡ ಮ್ಯಾಲೆ ಅವರ ಧೋತರ ಅಂಗಿ ಎಲ್ಲಾ ಬೀರುದಾಗ ಹಂಗ ಕುಂತಿದ್ವು, ಯಾರಿಗೂ ಕೊಡಾಕ ಮನಸ ಬರವಲ್ದು. ಕಡೀಕ ಕೌದಿ ಮಾಡಿಸಿದ್ವಿ, ಈಗ ನಮ್ಮವ್ವ ಅದನ್ನ ಹೊತ್ಕೊಂಡ ಮಲಗ್ತಾಳ. ಬೀರು ಖಾಲಿ ಆತು. ಖಾಲಿ ಆದ ಬೀರುದಾಗ ನಮ್ಮ ತಂಗಿ ತನ್ನ ಸಾಮಾನ ತಂದಿಟ್ಲು, ಆ ಮಾತು ಬ್ಯಾರೆ.

ಮಳೆಗಾಲ:

ನಾನು ಸ್ವಲ್ಪ ಉಲ್ಟಾ ಮಾತಾಡ್ತೀನಿ, ಬೇಜಾರ್ ಮಾಡ್ಕೋಬೇಡಿ. ತೀರ್ಥಹಳ್ಳಿ ಕಡೆ ಹಳ್ಳಿ ನಮ್ದು. ಜೂನಲ್ಲಿ ಮಳೆ ಹಿಡೀತು ಅಂದ್ರೆ ಸೆಪ್ಟೆಂಬರ್ ತನಕ ಬಿಡಲ್ಲ, ಅಷ್ಟರೊಳಗೆ ಸೌದೆ ಕೊಟ್ಟಿಗೆ ಸೇರ್ಬೇಕು, ಹಪ್ಪಳ ಸಂಡಿಗೆ ಡಬ್ಬಿ ಸೇರ್ಬೇಕು, ಮಿಡಿ ಉಪ್ಪಿನಕಾಯಿ ಭರಣಿ ಸೇರ್ಬೇಕು. ನಮ್ಮಜ್ಜಿಗೆ ಇದ್ದಿದ್ದು ಗಳದ ಮೇಲೆ ನಾಲ್ಕು ಸೀರೆ, ಒಂದು ಟ್ರಂಕು, ಅಷ್ಟೇ, ಆದ್ರೆ ಅಟ್ಟ ತುಂಬಿರ್ತಿತ್ತು. ಅದನ್ನ ನೀವು ಯಾವ ಲೆಕ್ಕಕ್ಕೆ ಹಾಕ್ತೀರಿ? ಹತ್ತು ನಿಮಿಷಕ್ಕೆ ಕೊತ್ತಂಬರಿ ಸೊಪ್ಪು ಮನೆ ಬಾಗ್ಲಿಗೆ ಬರೋ ಊರಲ್ಲಿ ಸಾಮಾನಿಲ್ದೆ ಇರೋದು ಸುಲಭ ಮಾರಾಯ್ರೆ, ನಿಮ್ಮ ಅಟ್ಟ ಬೇರೆ ಯಾರದ್ದೋ ಗೋಡೌನಲ್ಲಿದೆ ಅಷ್ಟೇ. ನಿಮ್ಮ ಅಮ್ಮ ಇರ್ಲಿ ಬಿಡು ಅನ್ನೋದಕ್ಕೂ ಇದೇ ಕಾರಣ ಇರ್ಬೋದು, ಬೇಕು ಅಂದಾಗ ಸಿಗದೇ ಇದ್ದ ಕಾಲ ನೋಡಿದವ್ರು. ಆರು ಗಡಿಯಾರ ಮಾತ್ರ ಕೊಟ್ಬಿಡಿ, ಅದಕ್ಕೆ ಯಾವ ಕಾರಣನೂ ಇಲ್ಲ.

ಸುಮ್ನೆ ಓದೋನು:

ಆಯ್ದಕ್ಕಿ ಲಕ್ಕಮ್ಮ, ಗಂಡ ಜಾಸ್ತಿ ಅಕ್ಕಿ ಆಯ್ಕೊಂಡು ಬಂದ ಅಂತ ವಾಪಸ್ ಸುರಿದು ಬಾ ಅಂತ ಕಳ್ಸಿದ್ಲಲ್ಲ, ನಮ್ಮನೇಲಿ ಮಾರಯ್ಯ ನಾನೇ. ಚಾರ್ಜರ್ ವೈರ್ 23 ಇದೆ, ಯಾವ ಫೋನಿಂದು ಅಂತ ಗೊತ್ತಿಲ್ಲ, ಬಿಸಾಕಿದ ಮಾರನೇ ದಿನವೇ ಬೇಕಾಗುತ್ತೆ ಅಂತ ಭಯ. ಕಸದವ್ರಿಗೆ ಕೊಡ್ಬೇಡಿ ಅಂತಾರೆ, ಇ-ವೇಸ್ಟ್ ಬೇರೆ ಕೊಡ್ಬೇಕಂತೆ, ಹಂಗಾಗಿ ಆ 23 ವೈರು ಈಗ ಒಂದು ಡಬ್ಬಿ ಒಳಗೆ, ಅಂದ್ರೆ ಡಬ್ಬಿನೂ ಒಂದು ಜಾಸ್ತಿ ಆಯ್ತು.

ಬಾಡಿಗೆಮನೆ:

ಎಲ್ರಿಗೂ ಥ್ಯಾಂಕ್ಸ್. ಮಳೆಗಾಲ ಅವ್ರೆ, ನೀವು ಹೇಳಿದ್ದು ತಲೇಲಿ ಕೂತ್ಬಿಡ್ತು. ಅಂಕಲ್ ಮಾತಿನ ಹಾಗೆ ನನ್ನ ಸಾಮಾನಿಂದ ಶುರು ಮಾಡ್ದೆ, ಕೌದಿ ಹೊಲಿಯೋರು ಇಲ್ಲಿ ಇನ್ನೂ ಸಿಕ್ಕಿಲ್ಲ.

ಹೋದ ಭಾನುವಾರ ಅಮ್ಮನೇ ಬಂದ್ರು. ಜಗಳ ಆಗುತ್ತೆ ಅಂದ್ಕೊಂಡು ನಾನೂ ರೆಡಿಯಾಗಿದ್ದೆ. ಚಾಪೆ ಹಾಸ್ಕೊಂಡು ಮೂಟೆ ಬಿಚ್ಚಿ ಒಂದೊಂದೇ ಪಾತ್ರೆ ಕೈಲಿ ಹಿಡ್ಕೊಂಡು ಕನ್ನಡಕ ಮೇಲೆ ಸರ್ಸಿ ಚುಕ್ಕಿ ಅಕ್ಷರ ಓದಿದ್ರು. ನಾನು ಅಪ್ಪನ ನೆನಪು ಅಂದ್ಕೊಂಡಿದ್ದ ಮೂಟೇಲಿ ಅರ್ಧಕ್ಕರ್ಧ ಬೇರೆಯವ್ರ ಹೆಸ್ರು, ಅತ್ತೆದು, ಸೋದರಮಾವಂದು, ಯಾವುದೋ ಸಂಘದ್ದು, ಯಾವತ್ತೋ ತಿಂಡಿ ಹಾಕಿ ಕಳ್ಸಿದ್ದು ವಾಪಸ್ ಹೋಗೇ ಇಲ್ಲ. ಅಮ್ಮ ಒಂದು ಲೋಟ ಮಾತ್ರ ಪಕ್ಕಕ್ಕೆ ಇಟ್ಕೊಂಡ್ರು, ಅಪ್ಪ ಬೆಳಿಗ್ಗೆ ಬಿಸಿನೀರು ಕುಡೀತಿದ್ದಿದ್ದು, ಅದ್ರ ಮೇಲೆ ಯಾರ ಹೆಸ್ರೂ ಇರ್ಲಿಲ್ಲ. ಉಳಿದಿದ್ದು ದೇವಸ್ಥಾನಕ್ಕೆ ಕೊಡು ಅಂದ್ರು. ಹಂಡೆ ಇರುತ್ತೆ, ಮಗಳು ಅದ್ರೊಳಗೆ ಇಳಿದು ಕೂತಿದಾಳೆ, ಈಗ ಯಾರ ಮಾತೂ ನಡೆಯಲ್ಲ.

ಸದ್ಯಕ್ಕೆ 47 ಇದ್ದಿದ್ದು 31 ಆಗಿದೆ. ಅಮ್ಮ ಬರೋವಾಗ ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ಹುರಿಹಿಟ್ಟು ಅಂತ ಐದು ಡಬ್ಬಿ ತಂದಿದ್ರು. ಖಾಲಿ ಡಬ್ಬಿ ವಾಪಸ್ ಕಳ್ಸೋ ಹಾಗಿಲ್ಲ, ಏನಾದ್ರೂ ಹಾಕಿ ಕಳ್ಸ್ಬೇಕು, ನಾನಿನ್ನೂ ಏನೂ ಮಾಡಿಲ್ಲ, ಐದೂ ಇಲ್ಲೇ ಇದೆ.