ಆರು ವಾರದ ಕೆಲಸದ ಅನುಭವ: ಏನು ಕಲಿತು ಬರಬೇಕು?

ಪ್ರಶ್ನೆ: ತಮ್ಮನಿಗೆ 17 ವರ್ಷ. ಯುವಜನರ ಕೆಲಸದ ಅನುಭವ ಕಾರ್ಯಕ್ರಮದಲ್ಲಿ ಅಂಗಡಿಯೊಂದರ ಸ್ಟಾಕ್ ವಿಭಾಗಕ್ಕೆ ಹಾಕಿದ್ದಾರೆ. ಬರೀ ಡಬ್ಬ ಎತ್ತಿಟ್ಟು ಬಂದರೆ ಮುಂದೆ ಏನು ಪ್ರಯೋಜನ?

ಉತ್ತರ 1: ಸ್ಟಾಕ್ ಕೆಲಸ ಅಂತ ಕಡೆಗಣಿಸಬೇಡಿ, ಕಲಿಯೋಕೆ ಅಲ್ಲೇ ಬಹಳ ಇದೆ. ಸರಕು ಬಂದಾಗ ಇನ್‌ವಾಯ್ಸ್ (ಸರಕಿನ ಬಿಲ್) ಜೊತೆ ತಾಳೆ ನೋಡೋದು, ಒಡೆದಿದ್ದರೆ ಸಹಿ ಹಾಕುವ ಮುಂಚೆಯೇ ಬರೆಸೋದು, ಎಕ್ಸ್‌ಪೈರಿ ಹತ್ತಿರ ಇರೋದನ್ನ ಮುಂದೆ ಜೋಡಿಸೋದು. ಹೊಸಬರು ಪೆಟ್ಟಿಗೆ ಮಾತ್ರ ಎಣಿಸ್ತಾರೆ, ಒಳಗಿನ ಪೀಸ್ ಎಣಿಸಲ್ಲ. 12ರ ಪೆಟ್ಟಿಗೆಯಲ್ಲಿ 10 ಇದ್ದರೆ ತಿಂಗಳ ಕೊನೆಗೆ ಲೆಕ್ಕ ಕೂಡಲ್ಲ, ಎಲ್ಲಿ ತಪ್ಪಿತು ಅಂತ ಹುಡುಕೋದೂ ಕಷ್ಟ.

ಉತ್ತರ 2: ಅರ್ಥವಾಗದೆ ‘ಹೂಂ’ ಅನ್ನೋದು ದೊಡ್ಡ ತೊಂದರೆ. ಹೇಳಿದ ಕೆಲಸವನ್ನು ತನ್ನ ಮಾತಲ್ಲಿ ತಿರುಗಿ ಹೇಳಿ ಶುರು ಮಾಡಲಿ. ಬರೋಕಾಗದಿದ್ದರೆ ಶಿಫ್ಟ್‌ಗೆ ಮುಂಚೆಯೇ ಫೋನ್ ಮಾಡಲಿ.

ಉತ್ತರ 3: ದಿನಾ ಸಂಜೆ ಎರಡು ಸಾಲು ಬರೆದಿಡಲಿ: ಏನು ಮಾಡಿದೆ, ಎಷ್ಟು. ರೆಸ್ಯೂಮೆಯಲ್ಲಿ ‘ಶ್ರಮಜೀವಿ’ ಅನ್ನೋದಕ್ಕಿಂತ ‘ದಿನಕ್ಕೆ 40 ಪೆಟ್ಟಿಗೆ ಪರಿಶೀಲನೆ’ ಅನ್ನೋ ಸಾಲಿಗೆ ತೂಕ ಜಾಸ್ತಿ. ಮೂರನೇ ವಾರ ಮೇಲ್ವಿಚಾರಕರ ಹತ್ತಿರ ‘ಯಾವುದನ್ನ ಸುಧಾರಿಸಲಿ ಸರ್?’ ಅಂತ ಕೇಳಲಿ, ತಿದ್ದಿಕೊಳ್ಳೋಕೆ ಆಗ ಇನ್ನೂ ಸಮಯ ಇರುತ್ತೆ. ಅನುಭವ ಪತ್ರವನ್ನು ಕೊನೆಯ ದಿನ ಕೇಳಬೇಡಿ, ಐದನೇ ವಾರವೇ ಕೇಳಿ.