ಗೆಳತಿಗೆ ಧೈರ್ಯ ಹೇಳಿದ್ದೇ ತಪ್ಪಾಯಿತಾ?

ಪ್ರಶ್ನೆ:
ನಾವಿಬ್ಬರೂ ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದವರು. 14 ವರ್ಷದ ಸ್ನೇಹ. ನನ್ನ ಬಾಯಲ್ಲಿ ಯಾವಾಗಲೂ ‘ಆಗುತ್ತೆ ಬಿಡು’, ಅವಳ ಬಾಯಲ್ಲಿ ‘ಆಗದಿದ್ದರೆ?’ ಇಷ್ಟು ದಿನ ಅದಕ್ಕೆ ಇಬ್ಬರೂ ನಗುತ್ತಿದ್ದೆವು. ಮುಂದಿನ ವಾರ ಅವಳಿಗೆ ಇಂಟರ್‌ವ್ಯೂ ಇದೆ. ಎರಡು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಹೊರಟಿದ್ದಾಳೆ. ‘ನಿನಗೆ ಸಿಕ್ಕೇ ಸಿಗುತ್ತೆ, ತಲೆ ಕೆಡಿಸಿಕೊಳ್ಳಬೇಡ’ ಅಂದೆ. ‘ನಿನಗೆ ಯಾವತ್ತೂ ಅರ್ಥ ಆಗಲ್ಲ’ ಅಂತ ಫೋನ್ ಇಟ್ಟುಬಿಟ್ಟಳು. ಮೂರು ದಿನವಾಯಿತು, ಮೆಸೇಜಿಗೂ ಉತ್ತರವಿಲ್ಲ. ಧೈರ್ಯ ಹೇಳಬಾರದಾ ಹಾಗಾದರೆ?

ಉತ್ತರ 1:
ನಾನೂ ನಿಮ್ಮ ಗೆಳತಿಯ ಥರದವಳೇ, ಅದಕ್ಕೇ ಬರೆಯುತ್ತಿದ್ದೇನೆ. ಏನೇನು ಕೆಡಬಹುದು ಅಂತ ಮೊದಲೇ ಯೋಚಿಸಿ ಮುಗಿಸಿದರೆ ಮಾತ್ರ ನನಗೆ ಕೈಕಾಲು ಆಡುತ್ತದೆ. ಜೂಲಿ ನೋರೆಮ್ ಮತ್ತು ನ್ಯಾನ್ಸಿ ಕ್ಯಾಂಟರ್ ಎಂಬ ಮನಶ್ಶಾಸ್ತ್ರಜ್ಞರು 1986ರಲ್ಲಿ ಇಂಥವರ ಬಗ್ಗೆ ಬರೆದಿದ್ದಾರೆ. ‘ನೀವು ಚೆನ್ನಾಗಿಯೇ ಮಾಡುತ್ತೀರಿ’ ಅಂತ ಹುರಿದುಂಬಿಸಿದಾಗ ಇವರು ಇನ್ನೂ ಕೆಟ್ಟದಾಗಿ ಮಾಡಿದರಂತೆ. ಓದಿದಾಗ ನನಗೆ ಅಳು ಬಂದಿತ್ತು. ‘ಏನೂ ಆಗಲ್ಲ’ ಅಂತ ಯಾರಾದರೂ ಅಂದರೆ ಭಯ ಹೋಗುವುದಿಲ್ಲ, ಅದನ್ನು ಹೇಳಿಕೊಳ್ಳುವ ದಾರಿ ಮುಚ್ಚುತ್ತದೆ, ಅಷ್ಟೇ. ‘ಏನೇನು ಕೆಡಬಹುದು ಹೇಳು’ ಅಂತ ಒಮ್ಮೆ ಕೇಳಿ ನೋಡಿ. ಮಧ್ಯೆ ಬಾಯಿ ಹಾಕಬೇಡಿ.

ಉತ್ತರ 2:
ಮೇಲಿನವರ ಮಾತು ಸರಿ. ಒಂದು ಮಾತ್ರ ಗಮನಿಸಿ. ಭಯಪಟ್ಟುಕೊಂಡೇ ತಯಾರಿ ಮಾಡುವುದು ಬೇರೆ, ವಾರಗಟ್ಟಲೆ ನಿದ್ದೆ ಊಟ ಬಿಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ ಕೂತುಬಿಡುವುದು ಬೇರೆ. ಹಾಗಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ ಕೇಳಿದವರು:
ಇಲ್ಲ, ಅವಳು ಊಟ ನಿದ್ದೆ ಬಿಟ್ಟಿಲ್ಲ, ತಯಾರಿಯೂ ಜೋರಾಗಿದೆ. ನಿನ್ನೆ ರಾತ್ರಿ ಅವಳ ಮನೆಗೇ ಹೋಗಿ ಕೇಳಿದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ ಒಂದು ನೋಟ್‌ಬುಕ್ ತಂದಳು. ನಂಬರ್ ಹಾಕಿ 11 ಸಾಲು ಬರೆದಿಟ್ಟಿದ್ದಾಳೆ! ‘ಎರಡು ವರ್ಷ ಏನು ಮಾಡಿದಿರಿ ಅಂದರೆ?’, ‘ಹೊಸ ಸಾಫ್ಟ್‌ವೇರ್ ಬಗ್ಗೆ ಕೇಳಿದರೆ?’, ‘ಗಂಟಲು ಕಟ್ಟಿದರೆ?’ ಹೆಚ್ಚಿನವುಗಳ ಪಕ್ಕ ಉತ್ತರವೂ ಇತ್ತು. ಗಂಟಲಿನ ಮುಂದೆ ‘ನೀರಿನ ಬಾಟಲಿ’. ಒಂದು ಗಂಟೆ ಸುಮ್ನೆ ಕೇಳಿದೆ. ನನಗೆ ಅದು ಎಷ್ಟು ಕಷ್ಟ ಅಂತ ನನಗೇ ಗೊತ್ತು. ಕೊನೆಯದನ್ನು ಮಾತ್ರ ಅವಳು ಓದಲಿಲ್ಲ, ನೋಟ್‌ಬುಕ್ಕನ್ನೇ ನನ್ನ ಕೈಗೆ ಕೊಟ್ಟಳು. ‘ಸಿಗದೇ ಹೋದರೆ ಇವಳಿಗೆ ಹೇಗೆ ಹೇಳಲಿ?’ ಅಂತಿತ್ತು. ಅದರ ಪಕ್ಕ ಉತ್ತರದ ಜಾಗ ಖಾಲಿ ಇತ್ತು. ಪೆನ್ನು ಇಸ್ಕೊಂಡು ‘ಮೊದಲು ನನಗೇ ಫೋನ್ ಮಾಡು’ ಅಂತ ಬರೆದು ಬಂದೆ.